ದೇವರಿಗೆ ಒಗ್ಗದ ತಾಳ ಯಾವುದು?

ಕ್ರೈಸ್ತರು ಆಧುನಿಕ ಶೈಲಿಯ ಸಂಗೀತವನ್ನು ಕೇಳಬಹುದೇ, ಕೇಳಬಾರದೇ? ಹೊರಗಿನವರಿಗೆ ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ನಮ್ಮ ಸಭೆಗಳಲ್ಲಿ ಇದು ವರ್ಷಗಳಿಂದ ಹೊಗೆಯಾಡುತ್ತಿರುವ ವಿವಾದ. ರಾಕ್, ರ‍್ಯಾಪ್, ಚಲನಚಿತ್ರಗೀತೆಗಳೆಲ್ಲ ಲೋಕದ ಸೆಳೆತ, ವಿಶ್ವಾಸಿಯಾದವನು ಅವುಗಳಿಂದ ದೂರವಿರಬೇಕು ಎಂದು ಬೋಧಿಸುವ ಪ್ರಾರ್ಥನಾ ಕೂಟಗಳು ಒಂದೆಡೆ; ಇಡೀ ವಾರ ಮೊಬೈಲಿನಲ್ಲಿ ಅದನ್ನೇ ಕೇಳಿ ಭಾನುವಾರ ಆರಾಧನೆಗೆ ಬರುವ ತರುಣ ತರುಣಿಯರು ಇನ್ನೊಂದೆಡೆ. ಹಿರಿಯರು ಗದರುತ್ತಾರೆ. ಕಿರಿಯರು ವಾದಿಸುವುದಿಲ್ಲ, ಸುಮ್ಮನೆ ಬೇರೆ ಚರ್ಚು ಹುಡುಕಿಕೊಳ್ಳುತ್ತಾರೆ. ಕೆಲವರು ಯಾವ ಚರ್ಚಿಗೂ ಹೋಗದಂತಾಗುತ್ತಾರೆ. ಕನ್ನಡ ಸಭೆಯೊಂದರ ಗಾಯನವೃಂದದಲ್ಲಿ ಮೂರು ದಶಕಗಳಿಂದ ಹಾಡುತ್ತಿರುವ ನಾನು ಈ ನಷ್ಟವನ್ನು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬೇಕಾದ ಕಾಲ ಬಂದಿದೆ ಎಂದು ನನಗನ್ನಿಸುತ್ತದೆ.

ಮೊದಲಿಗೆ ಸತ್ಯವೇದದ ಮಾತು. ಇಂಥ ರಾಗ ಪವಿತ್ರ, ಇಂಥ ತಾಳ ಅಪವಿತ್ರ ಎಂದು ಹೇಳುವ ಒಂದೇ ಒಂದು ವಾಕ್ಯ ಅದರಲ್ಲಿಲ್ಲ. ಕೀರ್ತನೆಗಳ ಗ್ರಂಥದ ಕೊನೆಯ ಕೀರ್ತನೆಯಲ್ಲಿ ದೇವರ ಸ್ತುತಿಗೆ ಕೊಂಬು, ಕಿನ್ನರಿ, ದಮ್ಮಡಿ, ತಂತಿವಾದ್ಯ, ಕೊಳಲು, ಝಲ್ಲರಿ ಎಲ್ಲವನ್ನೂ ಕರೆಯಲಾಗಿದೆ. ಮಂಜೂಷವು ಯೆರೂಸಲೇಮಿಗೆ ಬರುವಾಗ ಅರಸನಾದ ದಾವೀದನು ಅದರ ಮುಂದೆ ಕುಣಿದನು. ಅದನ್ನು ಕಿಟಕಿಯಿಂದ ನೋಡಿ ಮೂಗು ಮುರಿದವಳು ಅವನ ಹೆಂಡತಿ, ಅರಸುಮಗಳಾದ ಮೀಕಲಳು. ಆಕೆಯ ಆಕ್ಷೇಪಣೆ ಅವನ ಭಕ್ತಿಯ ಬಗ್ಗೆ ಇರಲಿಲ್ಲ. ದಾಸಿಯರ ಕಣ್ಣೆದುರು ಅರಸನು ಹೀಗೆ ಕುಣಿಯಬಹುದೇ ಎಂಬ ಮರ್ಯಾದೆಯ ಪ್ರಶ್ನೆ ಆಕೆಯದಾಗಿತ್ತು. ಈ ಪ್ರಸಂಗ ನನಗೆ ಬಹಳ ಮುಖ್ಯವೆನಿಸುತ್ತದೆ. ಏಕೆಂದರೆ ಚರ್ಚಿನ ಇತಿಹಾಸದಲ್ಲಿ ಸಂಗೀತದ ಮೇಲೆ ನಡೆದ ಜಗಳಗಳನ್ನು ನೋಡುತ್ತ ಹೋದರೆ ಮೀಕಲಳ ಕಿಟಕಿ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ.

1324-25ರ ಸುಮಾರಿಗೆ ಪೋಪ್ 22ನೆಯ ಜಾನ್ ಆಗಿನ ಹೊಸ ಬಹುಸ್ವರ ಸಂಗೀತವನ್ನು ಖಂಡಿಸಿ ಆಜ್ಞಾಪತ್ರ ಹೊರಡಿಸಿದರು. ಸ್ವರಗಳನ್ನು ಚೂರುಚೂರು ಮಾಡುವ ಹೊಸ ಗಾಯಕರು ಭಕ್ತಿಯನ್ನು ಕೆಡಿಸುತ್ತಿದ್ದಾರೆ ಎಂಬುದು ಅವರ ದೂರು. ಅದೇ ಬಹುಸ್ವರ ಪರಂಪರೆ ಮುಂದೆ ಪಾಲೆಸ್ಟ್ರೀನನ ಕೈಯಲ್ಲಿ ಬೆಳೆದು ಚರ್ಚ್ ಸಂಗೀತದ ಶಿಖರವೆನಿಸಿತು. ಜ್ಯೂರಿಕ್ ನಗರದ ಸುಧಾರಕ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ಬಲ್ಲವನು. ಆದರೂ ಆರಾಧನೆಯಿಂದ ಸಂಗೀತವನ್ನೇ ಹೊರಗಟ್ಟಿದ. 1527ರಲ್ಲಿ ಅಲ್ಲಿನ ಪ್ರಧಾನ ದೇವಾಲಯದ ಆರ್ಗನ್ನನ್ನು ಕಳಚಿ ಹಾಕಲಾಯಿತು. ಆ ನಗರದ ಆರಾಧನೆಗೆ ಹಾಡು ಮರಳಿದ್ದು 1598ರಲ್ಲಿ. ಇಂಗ್ಲೆಂಡಿನ ಐಸಾಕ್ ವಾಟ್ಸ್ 1707ರಲ್ಲಿ ತನ್ನದೇ ರಚನೆಯ ಗೀತೆಗಳನ್ನು ಪ್ರಕಟಿಸಿದಾಗ, ದಾವೀದನ ಕೀರ್ತನೆಗಳಿರುವಾಗ ಮನುಷ್ಯನ ಪದಗಳೇಕೆ ಎಂದವರಿದ್ದರು. ಇಂದು ವಾಟ್ಸನ ಗೀತೆಗಳಿಲ್ಲದ ಇಂಗ್ಲಿಷ್ ಗೀತಸಂಪುಟವನ್ನು ಕಾಣುವುದು ಕಷ್ಟ. 1903ರಲ್ಲಿ ಪೋಪ್ 10ನೆಯ ಪಯಸ್ ಚರ್ಚಿನಲ್ಲಿ ಪಿಯಾನೊ ನುಡಿಸುವುದನ್ನು ನಿಷೇಧಿಸಿದರು. ಅರುವತ್ತು ವರ್ಷಗಳ ಬಳಿಕ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ಆಯಾ ಜನರ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಸಲ್ಲಬೇಕೆಂದು ಸಾರಿತು.

ನಾವು ‘ಸಾಂಪ್ರದಾಯಿಕ’ ಎಂದು ಎದೆಗವಚಿಕೊಂಡಿರುವ ವಾದ್ಯಗಳ ಕುಲಮೂಲವನ್ನು ಕೆದಕಿದರೂ ಇದೇ ಕಥೆ. ಆರ್ಗನ್ನಿನ ಪೂರ್ವರೂಪವಾದ ಜಲವಾದ್ಯ ರೋಮನ್ನರ ಅಖಾಡಗಳಲ್ಲಿ, ಕತ್ತಿಮಲ್ಲರು ಒಬ್ಬರನ್ನೊಬ್ಬರು ಕೊಲ್ಲುವಾಗ ನುಡಿಯುತ್ತಿತ್ತು. ಕನ್ನಡ ಸಭೆಗಳಲ್ಲಿ ಅಜ್ಜಂದಿರ ಕಾಲದಿಂದ ಬಂದದ್ದೆಂದು ನಾವು ಭಾವಿಸುವ ಹಾರ್ಮೋನಿಯಂ ಯುರೋಪಿನಿಂದ ಬಂದ ವಾದ್ಯ. ಭಾರತೀಯ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು, ಮೂರು ದಶಕಗಳ ಬಳಿಕವಷ್ಟೇ ಆ ನಿರ್ಬಂಧ ಸಡಿಲವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಿದರು. ಅಂದಿನ ಕನ್ನಡಿಗನ ಕಿವಿಗೆ ಅದಕ್ಕಿಂತ ವಿಚಿತ್ರವಾದ ‘ಆಧುನಿಕ ಸಂಗೀತ’ ಇನ್ನೊಂದಿರಲಿಕ್ಕಿಲ್ಲ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಇನ್ನೊಂದು ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ, ಕನ್ನಡಕ್ಕೆ ಮಹಾನಿಘಂಟು ಕೊಟ್ಟ ಆ ಪಂಡಿತನಿಗೆ ಸುವಾರ್ತೆ ಯಾವ ಮಟ್ಟಿಗೂ ಇಳಿಯಬಲ್ಲದು ಎಂಬ ನಂಬಿಕೆಯಿತ್ತು.

ಇಷ್ಟು ಹೇಳಿದರೆ ‘ಎಲ್ಲ ಹೊಸದೂ ಒಂದು ದಿನ ಹಳೆಯದಾಗುತ್ತದೆ, ಆದ್ದರಿಂದ ಎಲ್ಲವನ್ನೂ ಒಪ್ಪಿಕೊಳ್ಳಿ’ ಎಂಬ ಸುಲಭ ತೀರ್ಮಾನಕ್ಕೆ ಬಂದುಬಿಡಬಹುದು. ನನ್ನ ವಾದ ಅದಲ್ಲ. ತಿರಸ್ಕಾರಕ್ಕೊಳಗಾದ ಸಂಗೀತಗಳ ಪಟ್ಟಿಯನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು. ಅವುಗಳಲ್ಲಿ ಅನೇಕವು ಯಾರ ಸಂಗೀತವಾಗಿದ್ದವು?

1736ರಲ್ಲಿ ಗೋವಾದ ಧರ್ಮವಿಚಾರಣಾ ಮಂಡಳಿ ಹೊರಡಿಸಿದ ಶಾಸನವು ಕ್ರೈಸ್ತರ ಮದುವೆ ಮನೆಗಳಲ್ಲಿ ‘ವೊವಿಯೊ’ ಎಂಬ ಕೊಂಕಣಿ ಹಾಡುಗಳನ್ನು ಹಾಡಬಾರದೆಂದಿತು. ಅವು ಹಳೆಯ ಧರ್ಮದ ಪಳೆಯುಳಿಕೆ ಎಂಬುದು ಕಾರಣ. ಆದರೆ ಹೆಂಗಸರ ಕೊರಳಲ್ಲಿ ಆ ಹಾಡುಗಳು ಉಳಿದವು. ಗೋವಾದಿಂದ ವಲಸೆ ಬಂದವರ ಸಂತತಿಯಾದ ಮಂಗಳೂರಿನ ಕಥೋಲಿಕರ ‘ರೋಸ್’ ಶಾಸ್ತ್ರದಲ್ಲಿ ಇಂದಿಗೂ ವೊವಿಯೊ ಕೇಳಿಸುತ್ತವೆ. ಅವಿಲ್ಲದ ಮದುವೆಗೆ ಕಳೆಯಿಲ್ಲವೆಂದು ಹಿರಿಯರೇ ಹೇಳುತ್ತಾರೆ. 1986ರಲ್ಲಿ ಆರಂಭವಾದ ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆ ಕೊಂಕಣಿಯ ಸ್ವಂತ ಲಯವನ್ನು ಹುಡುಕಲೆಂದೇ ಹುಟ್ಟಿತು. ಮಿಜೋರಾಂನಲ್ಲಿ ‘ಖುವಾಂಗ್’ ಎಂಬ ಡೋಲು ಮೊದಲ ಮಿಷನರಿಗಳ ಕಾಲದಲ್ಲಿ ಆರಾಧನೆಯಿಂದ ದೂರವಿತ್ತು. ಧಾರ್ಮಿಕ ಜಾಗೃತಿಯ ಅಲೆಗಳು ಅದನ್ನು ಒಳಗೆ ತಂದವು. ಇಂದು ಆ ಡೋಲಿಲ್ಲದ ಮಿಜೋ ಸಭೆಯನ್ನು ಊಹಿಸುವುದು ಕಷ್ಟ. ಅಮೆರಿಕದಲ್ಲಿ ಬ್ಯಾಪ್ಟಿಸ್ಟ್ ಬೋಧಕನ ಮಗನಾದ ಥಾಮಸ್ ಡಾರ್ಸಿ ಬ್ಲೂಸ್ ಸಂಗೀತದ ಪಿಯಾನೊ ವಾದಕನಾಗಿದ್ದ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ ಬೆನ್ನಲ್ಲೇ ಹಸುಗೂಸನ್ನೂ ಕಳೆದುಕೊಂಡ ಅವನು, ಆ ದುಃಖದಲ್ಲಿ ಕರ್ತನ ಕೈ ಹಿಡಿಯುವ ಗೀತೆಯೊಂದನ್ನು ರಚಿಸಿದ. ಷಿಕಾಗೊದ ಪ್ರತಿಷ್ಠಿತ ಕಪ್ಪು ಚರ್ಚುಗಳೇ ಅವನ ಶೈಲಿಯನ್ನು ಮೊದಲು ದೂರವಿಟ್ಟವು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಅದೇ ಗೀತೆಯನ್ನು.

ನಮ್ಮ ನೆರೆಯ ತಮಿಳುನಾಡಿನ ಉದಾಹರಣೆ ಇನ್ನೂ ಹರಿತವಾದುದು. ಮದುರೆಯ ದೇವಶಾಸ್ತ್ರ ಕಾಲೇಜಿನಲ್ಲಿ ಬೋಧಿಸಿದ ಥಿಯೋಫಿಲಸ್ ಅಪ್ಪಾವು ಅವರು ಜನಪದ ಧಾಟಿಯಲ್ಲಿ ಆರಾಧನಾಕ್ರಮವನ್ನೇ ರಚಿಸಿದರು. ಚರ್ಚುಗಳು ‘ಭಾರತೀಯ ಸಂಗೀತ’ವೆಂದು ಒಪ್ಪಿಕೊಂಡದ್ದು ಮೇಲ್ಜಾತಿಯ ಶಾಸ್ತ್ರೀಯ ಸಂಗೀತವನ್ನು ಮಾತ್ರ, ಸಭೆಯಲ್ಲಿ ಕುಳಿತವರಲ್ಲಿ ಬಹುಪಾಲು ದಲಿತರಾಗಿದ್ದರೂ ಅವರ ಪರೈ ಹೊರಗೇ ಉಳಿಯಿತು ಎಂಬುದು ಅವರ ವಾದದ ತಿರುಳು. ಕರ್ನಾಟಕದ ಸಭೆಗಳಿಗೆ ಈ ಮಾತು ಅನ್ವಯಿಸುವುದಿಲ್ಲವೇ? ಕೆಲವು ವರ್ಷಗಳ ಹಿಂದೆ ಸುಗ್ಗಿಹಬ್ಬದ ಆರಾಧನೆಗೆ ತಮಟೆ ಬಾರಿಸಲು ಹುಡುಗರು ಅನುಮತಿ ಕೇಳಿದಾಗ ಸಮಿತಿಯೊಂದು ಕೊಟ್ಟ ಉತ್ತರ ನನಗೆ ನೆನಪಿದೆ: ದೇವಾಲಯದಲ್ಲಿ ಆ ಸದ್ದು ಬೇಡ. ಅದೇ ಸಮಿತಿ ಕ್ರಿಸ್‌ಮಸ್ಸಿಗೆ ಡ್ರಮ್ ಸೆಟ್ ಬಾಡಿಗೆಗೆ ತರಿಸಿತ್ತು. ತಮಟೆಯ ಸದ್ದು ಡ್ರಮ್ಮಿಗಿಂತ ದೊಡ್ಡದೆಂಬ ಕಾರಣಕ್ಕೆ ಅದು ಹೊರಗುಳಿಯಲಿಲ್ಲ. ಅದನ್ನು ಯಾರು ಬಾರಿಸುತ್ತ ಬಂದಿದ್ದಾರೆ, ಯಾವ ಕೇರಿಯಲ್ಲಿ, ಯಾರ ಹೆಣದ ಮುಂದೆ ಎಂಬ ನೆನಪು ಅದನ್ನು ಹೊರಗಿಟ್ಟಿತು. ಆ ನೆನಪನ್ನು ಅಳಿಸಿಕೊಳ್ಳಲೆಂದೇ ಚರ್ಚಿಗೆ ಬಂದವರೂ ಇದ್ದಾರೆ, ಅವರ ನೋವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಆ ನಿರ್ಧಾರ ತಮಟೆಯವರದಾಗಬೇಕೇ ಹೊರತು ಅದನ್ನು ಮುಟ್ಟದವರದಲ್ಲ.

ಹೀಗೆ ನೋಡಿದಾಗ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಒಂದು ಸಂಗೀತ ಹೊಸದೋ ಹಳೆಯದೋ ಎಂಬುದು ಗೌಣ. ಅದು ಯಾರ ಕೊರಳನ್ನು ತೆರೆಯುತ್ತದೆ, ಯಾರ ಕೊರಳನ್ನು ಮುಚ್ಚುತ್ತದೆ ಎಂಬುದು ಮುಖ್ಯ. ಈ ಅಳತೆಗೋಲನ್ನು ಇಂದಿನ ಆರಾಧನಾ ಸಂಗೀತಕ್ಕೂ ಹಿಡಿಯಬೇಕು. ಆಗ ಹಿರಿಯರ ಆತಂಕದಲ್ಲಿರುವ ಹುರುಳು ಕಾಣಿಸುತ್ತದೆ.

ಸಿಡ್ನಿಯ ಹಿಲ್‌ಸಾಂಗ್ ಚರ್ಚಿನ, ಅಮೆರಿಕದ ದೊಡ್ಡ ಸಭೆಗಳ ಗೀತೆಗಳು ಇಂದು ಬೆಂಗಳೂರಿನ ಅನೇಕ ಆರಾಧನೆಗಳಲ್ಲಿ ಕೇಳಿಸುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ನಮ್ಮ ಮಕ್ಕಳು ಅವುಗಳ ಮೂಲಕ ಪ್ರಾರ್ಥಿಸಲು ಕಲಿತಿದ್ದಾರೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಡಾರ್ಸಿಯ ಬ್ಲೂಸಿನಂತೆ ಇದು ಹಿಂದಿನ ಬಾಗಿಲಲ್ಲಿ ಕಾದು ನಿಂತ ಸಂಗೀತವಲ್ಲ. ಹಣ, ತಂತ್ರಜ್ಞಾನ, ಇಂಗ್ಲಿಷಿನ ಪ್ರತಿಷ್ಠೆ ಎಲ್ಲವನ್ನೂ ಹೊತ್ತು ಮುಂಬಾಗಿಲಿನಿಂದಲೇ ಬಂದದ್ದು. ವೇದಿಕೆಯ ಮೇಲೆ ಐದಾರು ಮಂದಿ, ಧ್ವನಿವರ್ಧಕದ ಅಬ್ಬರ, ಮಂದ ಬೆಳಕು. ಕೆಳಗೆ ಕುಳಿತ ಮುದುಕಿಗೆ ತನ್ನ ಸ್ವರವೇ ತನಗೆ ಕೇಳಿಸುವುದಿಲ್ಲ. ಸುಧಾರಣೆಯ ಕಾಲದಲ್ಲಿ ಮಾರ್ಟಿನ್ ಲೂಥರ್ ಜನಭಾಷೆಯ ಗೀತೆಗಳನ್ನು ಸಭೆಯ ಬಾಯಿಗೆ ಕೊಟ್ಟನು. ಐನೂರು ವರ್ಷಗಳ ಬಳಿಕ ಆ ಸಭೆ ಮತ್ತೆ ಪ್ರೇಕ್ಷಕವರ್ಗವಾಗುತ್ತಿದ್ದರೆ ನಷ್ಟ ಸಣ್ಣದಲ್ಲ. ದೋಷ ಗಿಟಾರಿನದಲ್ಲ, ಹಾಡುವ ಹಕ್ಕು ಕೆಲವರ ಪಾಲಾಗುತ್ತಿರುವುದರಲ್ಲಿ ದೋಷವಿದೆ. ನಾಲ್ಕು ಸ್ವರಭಾಗಗಳಲ್ಲಿ ಆಯ್ದವರು ಮಾತ್ರ ಹಾಡಿ ಉಳಿದವರನ್ನು ಸುಮ್ಮನೆ ಕೂರಿಸುವ ನಮ್ಮ ಹಳೆಯ ಗಾಯನವೃಂದಗಳೂ ಇದೇ ಅಳತೆಗೋಲಿಗೆ ತಲೆಬಾಗಬೇಕು.

ಆರಾಧನೆಯ ಮಾತು ಹೀಗಾಯಿತು. ಮನೆಯಲ್ಲಿ, ಬಸ್ಸಿನಲ್ಲಿ, ಓದುವ ಮೇಜಿನ ಮುಂದೆ ಕೇಳುವ ಸಂಗೀತದ ವಿಷಯವೇನು? ಅಲ್ಲಿ ಚರ್ಚಿಗೆ ನಿಷೇಧದ ಪಟ್ಟಿ ಹಿಡಿದು ನಿಲ್ಲುವ ಅಗತ್ಯವಿಲ್ಲ. 1966ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್, ತಾವು ಯೇಸುವಿಗಿಂತ ಜನಪ್ರಿಯರು ಎಂದ ಮಾತಿಗಾಗಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸುಟ್ಟರು. 2008ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯೇ ಆ ಮಾತನ್ನು ತರುಣನೊಬ್ಬನ ಜಂಬವೆಂದು ಕ್ಷಮಿಸಿ ಆ ಸಂಗೀತವನ್ನು ಹೊಗಳಿತು. ಬೆಂಕಿಯಿಂದ ಆ ಹಾಡುಗಳು ನಾಶವಾಗಲಿಲ್ಲ, ಯಾರ ವಿಶ್ವಾಸವೂ ಬೆಳೆಯಲಿಲ್ಲ.

ಹಾಗೆಂದು ಸಂಗೀತ ಏನನ್ನೂ ಮಾಡದ ನಿರಪಾಯ ವಸ್ತುವೂ ಅಲ್ಲ. ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ತನ್ನನ್ನು ಹೆಚ್ಚು ಕದಲಿಸುತ್ತದೆಯಲ್ಲ ಎಂದು ಸಂತ ಅಗಸ್ಟಿನ್ ಹದಿನಾರು ಶತಮಾನಗಳ ಹಿಂದೆಯೇ ಚಿಂತಿಸಿದ್ದ. ಆದರೂ ಅವನು ಹಾಡನ್ನು ತೊರೆಯಲಿಲ್ಲ. ಹೆಣ್ಣನ್ನು ಸರಕಾಗಿಸುವ, ಕುಡಿತವನ್ನೂ ಕೊಲೆಯನ್ನೂ ಮೆರೆಸುವ ಪದಗಳು ದಿನಕ್ಕೆ ಹತ್ತು ಸಲ ಕಿವಿಗೆ ಬಿದ್ದರೆ ಮನಸ್ಸು ಅವಕ್ಕೆ ಒಗ್ಗಿಹೋಗುತ್ತದೆ. ಇದು ರ‍್ಯಾಪಿಗೂ ನಿಜ, ಮಧುರವಾದ ಚಿತ್ರಗೀತೆಗೂ ನಿಜ. ಕೊರಿಂಥದ ಸಭೆಗೆ ಬರೆಯುತ್ತ ಪೌಲನು, ಎಲ್ಲದಕ್ಕೂ ನಮಗೆ ಸ್ವಾತಂತ್ರ್ಯವಿದ್ದರೂ ಎಲ್ಲವೂ ನಮ್ಮನ್ನು ಕಟ್ಟಿ ಬೆಳೆಸುವುದಿಲ್ಲ ಎಂಬ ವಿವೇಕವನ್ನು ಹೇಳಿದ್ದಾನೆ. ಸ್ವಾತಂತ್ರ್ಯವನ್ನು ಮೊದಲು ಕೊಟ್ಟು, ವಿವೇಕವನ್ನು ಅದರ ಜೊತೆಗಿಟ್ಟ ಕ್ರಮ ಗಮನಾರ್ಹ. ನಮ್ಮ ಎಷ್ಟೋ ಪ್ರಸಂಗಗಳು ಎರಡನ್ನೂ ಬಿಟ್ಟು ಭಯವನ್ನು ಮಾತ್ರ ಹಂಚುತ್ತವೆ.

ಹಾಗಾದರೆ ಸಭೆಗಳು ಏನು ಮಾಡಬಹುದು? ಮಕ್ಕಳು ಕೇಳುವ ಹಾಡನ್ನು ಹಿರಿಯರು ಒಮ್ಮೆ ಅವರ ಜೊತೆ ಕುಳಿತು ಕೊನೆಯವರೆಗೂ ಕೇಳಲಿ, ಪದಗಳ ಅರ್ಥವನ್ನು ಅವರಿಂದಲೇ ಹೇಳಿಸಲಿ. ಯುವಜನ ಕೂಟಗಳು ಸಿಡ್ನಿಯ ಧಾಟಿಗೆ ಅನುವಾದದ ಪದ ತುರುಕುವ ಬದಲು ಕನ್ನಡದ ಲಯದಲ್ಲಿ ಹೊಸ ಗೀತೆಗಳನ್ನು ಕಟ್ಟಲಿ. ತತ್ವಪದ, ಲಾವಣಿ, ಸೋಬಾನೆಗಳ ಸಂಪತ್ತು ನಮ್ಮ ಬಾಗಿಲಲ್ಲೇ ಇದೆ. ಧ್ವನಿವರ್ಧಕದ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಸಭೆಯ ಸ್ವರ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ತಮಟೆಗೆ ಅನುಮತಿ ಕೇಳುವ ಹುಡುಗರು ಇನ್ನೂ ಉಳಿದಿದ್ದರೆ, ಅವರು ಮತ್ತೊಮ್ಮೆ ಕೇಳುವವರೆಗೆ ಕಾಯದೆ ನಾವೇ ಕರೆಯೋಣ.

ದೇವರು ಸಂಗೀತವನ್ನು ತಿರಸ್ಕರಿಸಿದ ಸಂದರ್ಭ ಸತ್ಯವೇದದಲ್ಲಿ ಇಲ್ಲದಿಲ್ಲ. ಪ್ರವಾದಿ ಆಮೋಸನ ಬಾಯಿಂದ ಬಂದ ಕಠಿಣ ಮಾತುಗಳಲ್ಲಿ, ತನ್ನ ಜನರ ಹಾಡುಗಳ ಗದ್ದಲ ತನಗೆ ಬೇಡ, ಅವರ ವೀಣೆಯ ನಾದಕ್ಕೆ ಕಿವಿಗೊಡಲಾರೆ ಎಂದು ದೇವರು ಹೇಳಿದನು. ಆ ಹಾಡುಗಳು ಹೊಸ ಶೈಲಿಯವಾಗಿದ್ದವೆಂದು ಆಮೋಸನು ದೂರಲಿಲ್ಲ. ಅವನ ದೂರು ಬಡವನನ್ನು ತುಳಿದು, ಊರಬಾಗಿಲಲ್ಲಿ ನ್ಯಾಯವನ್ನು ಮಾರಿ, ಬಂದು ಹಾಡುವವರ ಮೇಲಿತ್ತು. ದೇವರಿಗೆ ಒಗ್ಗದ ತಾಳವೊಂದಿದ್ದರೆ ಅದು ಅದೇ.