ತೊಂಬತ್ತೆರಡು ಸಾವಿರದ ಗೆಲುವು, ತೊಂಬತ್ತೆರಡು ಸಾವಿರದ ಸೋಲು

ಸಂಸ್ಕೃತದಲ್ಲಿ ‘ಬಹುಮತ’ ಎಂದರೆ ಹೆಚ್ಚಿನ ಮನ್ನಣೆ ಪಡೆದದ್ದು ಎಂದರ್ಥ. ‘ಬಹುಮಾನ’ವೂ ಅದೇ ಧಾತುವಿನಿಂದ ಹುಟ್ಟಿದ ಮಾತು. ಇಂದಿನ ಕನ್ನಡದಲ್ಲಿ ಬಹುಮತವೆಂಬುದು ಕೇವಲ ಎಣಿಕೆ. ಮನ್ನಣೆಯು ಎಣಿಕೆಯಾಗಿ ಮಾರ್ಪಟ್ಟಾಗ ಏನು ಕೈಬಿಟ್ಟುಹೋಗುತ್ತದೆ ಎಂಬುದನ್ನು ದೇವರಾಜ ಅರಸು ಪ್ರತಿನಿಧಿಸಿದ್ದ ಹುಣಸೂರು ಕ್ಷೇತ್ರದಲ್ಲಿಯೇ ನೋಡಬಹುದು.

2018ರಲ್ಲಿ ಅಲ್ಲಿ ಜೆಡಿಎಸ್‌ನ ಎ.ಎಚ್. ವಿಶ್ವನಾಥ್ ಅವರು ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಅವರನ್ನು ಸೋಲಿಸಿದರು. ಮರುವರ್ಷ ವಿಶ್ವನಾಥ್ ರಾಜೀನಾಮೆ ನೀಡಿ, ಅನರ್ಹಗೊಂಡು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತರು. ಮಂಜುನಾಥ್ 92 ಸಾವಿರಕ್ಕೂ ಮಿಕ್ಕಿದ ಮತ ಪಡೆದು, 39 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಪಕ್ಷಾಂತರಕ್ಕೆ ಜನ ವಿಧಿಸಿದ ಶಿಕ್ಷೆಯೆಂದು ಇದನ್ನು ವ್ಯಾಖ್ಯಾನಿಸಲಾಯಿತು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ 2023ರಲ್ಲಿ ಅದೇ ಮಂಜುನಾಥ್ ಮತ್ತೆ 92 ಸಾವಿರದಷ್ಟೇ ಮತ ಪಡೆದರು. ಈ ಬಾರಿ ಜೆಡಿಎಸ್‌ನ ಜಿ.ಡಿ. ಹರೀಶ್ ಗೌಡರೆದುರು ಎರಡೂವರೆ ಸಾವಿರದೊಳಗಿನ ಅಂತರದಿಂದ ಸೋತರು. ಅವರನ್ನು ಬೇಕೆಂದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಬದಲಾದದ್ದು ಎದುರು ಮತಗಳ ಹಂಚಿಕೆ. ಉಪಚುನಾವಣೆಯಲ್ಲಿ ಅವು ಬಿಜೆಪಿಗೆ ಸುಮಾರು 53 ಸಾವಿರ, ಜೆಡಿಎಸ್‌ಗೆ ಸುಮಾರು 33 ಸಾವಿರ ಎಂದು ಒಡೆದಿದ್ದವು. ಎರಡನ್ನೂ ಕೂಡಿದರೂ ಮಂಜುನಾಥ್ ಅವರೇ ಮುಂದಿದ್ದರೆಂಬುದು ನಿಜ. ಆದರೆ ಆಗ ಯಾರೂ ಅದನ್ನು ‘ಜನಾದೇಶದ ಮಹಾಪೂರ’ ಎನ್ನುತ್ತಿರಲಿಲ್ಲ.

ರಾಜ್ಯದ ಲೆಕ್ಕವೂ ಇಂಥದೇ. 2018ರಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 80 ಸ್ಥಾನ, ಶೇ. 36ರಷ್ಟು ಪಡೆದ ಬಿಜೆಪಿಗೆ 104.

ಮತಯಂತ್ರ ಕೇಳುವುದು ‘ಯಾರು?’ ಎಂಬ ಒಂದೇ ಪ್ರಶ್ನೆಯನ್ನು. ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರನಿಗೆ ‘ಏನು?’ ಎಂಬುದೇ ಮುಖ್ಯ. ಆ ಉತ್ತರಕ್ಕೆ ಅಲ್ಲಿ ಗುಂಡಿಯಿಲ್ಲ. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಈ ಕೊರತೆ ಇನ್ನೂ ತೀಕ್ಷ್ಣ. ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲು, ಸರಿ. ಆದರೆ ಮೀಸಲಾತಿ ಇರುವುದು ಅಭ್ಯರ್ಥಿಗೆ. ಮತ ಹಾಕುವವರು ಎಲ್ಲರೂ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರು ಎಷ್ಟು ಚುನಾವಣೆ ಬಂದರೂ ಬಹುಮತವಾಗಲಾರರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕಿನ ಕೋರಿಕೆ ಮೊದಲು ಗ್ರಾಮಸಭೆಯ ಮುಂದೆ ಬರಬೇಕು. ಅಲ್ಲಿ ತೀರ್ಪು ಏನೇ ಆಗಲಿ, ಪ್ರಶ್ನೆಯನ್ನಾದರೂ ಹಾಡಿಯವರೇ ಎತ್ತುತ್ತಾರೆ.