ಉಣಿಸುವ ಕೈಗೂ ಕಲಿಕೆ ಬೇಕು

ಉಣ್ಣುವಾಗ ಕೆಮ್ಮು ಬಂದರೆ ನಮ್ಮ ಮನೆಗಳಲ್ಲಿ ನೆತ್ತಿ ತಟ್ಟುತ್ತಾರೆ. ‘ನೆತ್ತಿಗೇರಿತು, ಯಾರೋ ನೆನೆಸಿಕೊಂಡರು’ ಎನ್ನುತ್ತಾರೆ. ನಾನೂ ಅಪ್ಪನ ನೆತ್ತಿಯನ್ನು ಹಾಗೇ ತಟ್ಟಿದವಳು. ಲಕ್ವ ಹೊಡೆದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಕೈಯಲ್ಲಿ ಮಾತ್ರೆಗಳ ಚೀಟಿ ಇತ್ತು, ಮತ್ತೆ ಯಾವಾಗ ಬರಬೇಕು ಎಂಬ ತಾರೀಖೂ ಇತ್ತು. ಉಣಿಸುವುದು ಹೇಗೆಂದು ಆಸ್ಪತ್ರೆಯವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅನ್ನ ಉಣಿಸುವುದನ್ನು ಯಾರನ್ನಾದರೂ ಕೇಳಿ ಕಲಿಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

ಎರಡು ದಿಂಬಿಗೆ ಒರಗಿಸಿ, ಗದ್ದ ಹಿಡಿದು ಮೇಲೆತ್ತಿ, ತಿಳಿಸಾರಿನಲ್ಲಿ ಕಲಸಿದ ಅನ್ನವನ್ನು ಒಂದರ ಹಿಂದೆ ಒಂದು ಚಮಚ ಬಾಯಿಗಿಡುತ್ತಿದ್ದೆ. ಶಾಲೆಗೆ ಹೊರಡುವ ಆತುರ ಬೇರೆ. ಅವ್ವ ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಪ್ರತಿ ಊಟಕ್ಕೂ ಕೆಮ್ಮು. ಊಟ ಮುಗಿದ ಮೇಲೆ ಅಪ್ಪನ ದನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತಿತ್ತು. ಮೂರನೆಯ ವಾರ ಜ್ವರ ಬಂತು, ಅದು ನ್ಯುಮೋನಿಯಾ ಎಂದರು.

ಎರಡನೆಯ ಸಲ ಆಸ್ಪತ್ರೆಯಲ್ಲಿದ್ದಾಗ ವಾಕ್ ತಜ್ಞೆಯೊಬ್ಬರು ಬಂದರು. ಮಾತು ಕಲಿಸಲು ಬಂದಿರಬೇಕು ಅಂದುಕೊಂಡೆ. ಆಕೆ ನಾನು ಉಣಿಸುವುದನ್ನು ಎರಡು ನಿಮಿಷ ನೋಡಿ ನನ್ನ ಕೈ ತಡೆದರು. ‘ಅಕ್ಕಾ, ಇದು ನೆತ್ತಿಗೆ ಏರ್ತಿಲ್ಲ. ಶ್ವಾಸಕೋಶಕ್ಕೆ ಇಳೀತಿದೆ’ ಎಂದರು.

ನಿಮ್ಮ ಗಂಟಲ ಮೇಲೆ ಎರಡು ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ. ಒಳಗಿನ ಗಂಟು ಮೇಲೆದ್ದು ಇಳಿಯುವುದು ಬೆರಳಿಗೆ ತಿಳಿಯುತ್ತದೆ. ಉಸಿರುನಾಳವೂ ಅನ್ನನಾಳವೂ ಗಂಟಲಲ್ಲಿ ಒಂದರ ಹಿಂದೆ ಒಂದು ಇವೆ. ನುಂಗುವ ಆ ಕ್ಷಣ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೆದ್ದು ಮುಚ್ಚಿಕೊಳ್ಳುತ್ತದೆ, ತುತ್ತು ಅದನ್ನು ದಾಟಿ ಅನ್ನನಾಳ ಸೇರುತ್ತದೆ. ಈಗ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಉಗುಳು ನುಂಗಿ. ಎಷ್ಟು ಕಷ್ಟ! ಆರೋಗ್ಯವಂತರಿಗೇ ಹೀಗಿದ್ದರೆ ಅರ್ಧ ಮೈಯ ಸ್ವಾಧೀನ ತಪ್ಪಿದವರ ಗದ್ದ ಎತ್ತಿ ನಾವು ಮಾಡುತ್ತಿರುವುದೇನು? ಲಕ್ವದ ನಂತರ ಹಲವರಲ್ಲಿ, ಪಾರ್ಕಿನ್ಸನ್ ಮತ್ತು ಮರೆವಿನ ಕಾಯಿಲೆಯಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ಆದವರಲ್ಲಿ ಈ ಜೋಡಣೆ ತಪ್ಪುತ್ತದೆ. ಕೆಲವರಿಗಂತೂ ಕೆಮ್ಮೂ ಬರುವುದಿಲ್ಲ. ಆಹಾರ ಸದ್ದಿಲ್ಲದೆ ಉಸಿರುನಾಳಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಜ್ವರ, ಇಳಿಯುತ್ತ ಹೋಗುವ ತೂಕ, ಊಟದ ಮೇಲೆ ಒದ್ದೆಯಾದ ದನಿ, ಅರ್ಧ ಗಂಟೆಯಾದರೂ ಮುಗಿಯದ ತಟ್ಟೆ, ಇವೇ ಸುಳಿವು.

ತಿಳಿಸಾರನ್ನ ಹಗುರ, ರೋಗಿಗೆ ಒಳ್ಳೆಯದು ಎಂಬುದು ನಾವೆಲ್ಲ ನಂಬಿದ ಮಾತು. ಆದರೆ ತೆಳು ನೀರೇ ಎಲ್ಲಕ್ಕಿಂತ ವೇಗವಾಗಿ ಜಾರುವುದು. ಬಾಯಿ ಅನ್ನ ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಹೋಗಿ ನಿಂತಿರುತ್ತದೆ. ಹಾಗಾಗಿ ಆಹಾರದ ಹದವನ್ನು ಅಳೆಯಲು ಈಗ ಅಂತಾರಾಷ್ಟ್ರೀಯವಾಗಿ ಒಪ್ಪಿದ ಮೆಟ್ಟಿಲುಗಳಿವೆ. ನೀರು 0, ನಾವು ನಿತ್ಯ ಉಣ್ಣುವ ಊಟ 7. ಅಳೆಯಲು ದೊಡ್ಡ ಯಂತ್ರ ಬೇಡ. 10 ಮಿಲಿಯ ಸಿರಿಂಜಿನಿಂದ 10 ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಎಂದು ನೋಡುತ್ತಾರೆ; ಗಟ್ಟಿಯಾದದ್ದನ್ನು ಫೋರ್ಕಿನಲ್ಲೋ ಚಮಚದಲ್ಲೋ ಪರೀಕ್ಷಿಸುತ್ತಾರೆ. ಚಮಚ ಓರೆ ಮಾಡಿದಾಗ ಒಂದೇ ಮುದ್ದೆಯಾಗಿ ಜಾರಿ ಬೀಳುವ ನುಣ್ಣನೆಯ ರಾಗಿ ಸರಿ 4ರ ಹತ್ತಿರದ್ದು. ಯಾರಿಗೆ ಯಾವ ಹದ ಎಂಬುದನ್ನು ತಜ್ಞರೇ ನಿರ್ಧರಿಸಬೇಕು. ಎಲ್ಲರಿಗೂ ಗಟ್ಟಿ ಮಾಡಿ ಕೊಡುವುದೂ ತಪ್ಪು. ಹದ ಗೊತ್ತಾದ ಮೇಲೆ ಮೂರು ಹೊತ್ತೂ ಅದನ್ನು ಮಾಡಬೇಕಾದವರು ಮಾತ್ರ ನಾವು.

ಆ ತಜ್ಞೆ ನನಗೆ ಕಲಿಸಿದ್ದು ಇಪ್ಪತ್ತು ನಿಮಿಷದ ಪಾಠ. ನೆಟ್ಟಗೆ ಕೂರಿಸು. ನೀನೂ ಅವರ ಎದುರಿಗೆ, ಅವರ ಕಣ್ಣ ಮಟ್ಟಕ್ಕೆ ಕೂತುಕೋ. ನಿಂತು ಉಣಿಸಿದರೆ ಅವರು ತಲೆ ಎತ್ತಲೇಬೇಕಾಗುತ್ತದೆ. ಚಿಕ್ಕ ಚಮಚ ಹಿಡಿ. ಗಂಟಲ ಗಂಟು ಎದ್ದು ಇಳಿದದ್ದನ್ನು ಕಂಡ ಮೇಲೆ ಮುಂದಿನ ತುತ್ತು. ಕೊನೆಗೆ ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿದೆಯೇ ನೋಡು, ಬಾಯಿ ಶುಚಿ ಮಾಡು, ಅರ್ಧ ಗಂಟೆ ಮಲಗಿಸಬೇಡ. ಅಪ್ಪ ಆಮೇಲೆ ಎರಡು ವರ್ಷ ನಮ್ಮ ಕೈಯಿಂದಲೇ ಉಂಡರು. ಈ ಪಾಠ ಮೊದಲ ಹನ್ನೊಂದು ದಿನಗಳಲ್ಲೇ ಸಿಕ್ಕಿದ್ದರೆ ಎಂಬ ಸಂಕಟ ಇನ್ನೂ ಇದೆ.

ಆ ಸಂಕಟದಿಂದಲೇ ನನ್ನ ಕಣ್ಣು ತೆರೆಯಿತು. ನಮ್ಮ ಶಾಲೆಯ ದಾಖಲಾತಿಯಲ್ಲಿದ್ದೂ ಮನೆಯಲ್ಲೇ ಕಲಿಯುವ ಎಂಟು ವರ್ಷದ ಹುಡುಗಿಯೊಬ್ಬಳ ಮನೆಗೆ ಹೋಗಿದ್ದೆ. ತಾಯಿ ಕಾಲು ಚಾಚಿ ಕೂತು, ಮಗಳನ್ನು ಅದರ ಮೇಲೆ ಅಂಗಾತ ಮಲಗಿಸಿಕೊಂಡು, ಎಳೆಗೂಸಿಗೆ ಒಳಲೆಯಲ್ಲಿ ಹಾಲು ಹಾಕುವಂತೆ ಸರಿ ಸುರಿಯುತ್ತಿದ್ದಳು. ಮಗು ಕಣ್ಣು ಅಗಲಿಸಿ, ಮುಷ್ಟಿ ಬಿಗಿದು ಉಸಿರಿಗೆ ಒದ್ದಾಡುತ್ತಿತ್ತು. ‘ಏನ್ ಮಾಡ್ಲಿ ಮೇಡಂ, ಹೊಟ್ಟೆ ತುಂಬ್ಬೇಕಲ್ಲ’ ಎಂದಳು ತಾಯಿ. ಅವಳಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ದಿನಕ್ಕೆ ನಾಲ್ಕು ತಾಸು ಉಣಿಸುವುದರಲ್ಲೇ ಕಳೆಯುತ್ತಿದ್ದವಳು ಅವಳು. ತೋರಿಸಿಕೊಡುವವರು ಇರಲಿಲ್ಲ, ಅಷ್ಟೇ. ತಜ್ಞರು ಹೇಳಿಕೊಟ್ಟಂತೆ ಗೋಡೆಯ ಮೂಲೆಗೆ ಒರಗಿಸಿ, ಎರಡೂ ಬದಿಗೆ ಸುತ್ತಿದ ಕಂಬಳಿ ಕೊಟ್ಟು, ಕಾಲೂರಲು ಮಣೆ ಇಟ್ಟ ಮೇಲೆ ಅದೇ ಮಗು ಚಮಚ ಬರುವುದನ್ನು ನೋಡಿ ತಾನಾಗಿ ಬಾಯಿ ತೆರೆಯಿತು.

ಬಿಸಿಯೂಟದ ಹೊತ್ತಿಗೆ ಇಂಥ ಮಗುವನ್ನು ಮನೆಗೆ ಕಳಿಸುವುದನ್ನು ನಾನು ಕಂಡಿದ್ದೇನೆ. ಏನಾದರೂ ಆದರೆ ಯಾರು ಹೊಣೆ ಎಂಬ ಭಯ. ಶಿಕ್ಷಕರ ಆ ಭಯ ಸುಳ್ಳಲ್ಲ, ಆದರೆ ಅದಕ್ಕೆ ಮದ್ದು ತರಬೇತಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣದ ಮಾತಾಡುತ್ತದೆ. ತರಗತಿಯಲ್ಲಿ ಸೇರಿಸಿಕೊಂಡು ಊಟದ ಪಂಕ್ತಿಯಿಂದ ಎಬ್ಬಿಸಿದರೆ ಆ ಮಾತಿಗೆ ಅರ್ಥವಿಲ್ಲ.

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟು: ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಮನೆಗೆ ಬರುವ ಹೋಂ ನರ್ಸ್‌ಗಳು, ಇವರೆಲ್ಲರ ತರಬೇತಿಯಲ್ಲಿ ಉಣಿಸುವ ಪಾಠಕ್ಕೆ ಒಂದು ದಿನ ಕೊಡಿ. ಭಾಷಣ ಬೇಡ. ಒಬ್ಬರಿಗೊಬ್ಬರು ಚಮಚ ಹಿಡಿದು ಉಣಿಸಲಿ. ಇನ್ನೊಬ್ಬರ ಕೈಯಿಂದ, ಇನ್ನೊಬ್ಬರ ವೇಗಕ್ಕೆ ಉಣ್ಣುವುದು ಎಂಥದ್ದು ಎಂದು ಆಗ ತಿಳಿಯುತ್ತದೆ. ಗಂಟಲು ಕಟ್ಟಿದಾಗ ಬೆನ್ನಿಗೆ ಗುದ್ದುವ, ಹೊಟ್ಟೆ ಒತ್ತುವ ಪ್ರಥಮ ಚಿಕಿತ್ಸೆಯನ್ನೂ ಗೊಂಬೆಯ ಮೇಲೆ ಮಾಡಿ ಕಲಿಯಲಿ. ಕಲಿಸುವವರು ನಮ್ಮಲ್ಲೇ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಮೊದಲು ಶುರುವಾದ ತಿ. ನರಸೀಪುರಕ್ಕೆ ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ತಿಳಿವಳಿಕೆ ಈ ಊರನ್ನೂ, ಬೀದರಿನ ಕೊನೆಯ ಹಳ್ಳಿಯನ್ನೂ ಮುಟ್ಟಲಿ.

ಓದುಗರಲ್ಲಿ ಇನ್ನೊಂದು ಮಾತು. ನಿಮ್ಮವರನ್ನು ಆಸ್ಪತ್ರೆಯಿಂದ ಕರೆದುಕೊಂಡು ಹೊರಡುವ ದಿನ ಬಿಲ್ಲು, ಆಟೋ, ಮಾತ್ರೆ ಎಂದು ತಲೆ ಕೆಟ್ಟಿರುತ್ತದೆ, ನನಗೆ ಗೊತ್ತು. ಆದರೂ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುಂಚೆ, ಅಂದು ಬೆಳಿಗ್ಗೆ ತಂದ ತಿಂಡಿಯ ಡಬ್ಬಿಯನ್ನು ಅಲ್ಲೇ ತೆಗೆಯಿರಿ. ‘ನಾನು ಉಣಿಸುತ್ತೇನೆ, ಸರಿಯಾಗಿದೆಯಾ ನೋಡಿ ಹೇಳಿ’ ಎಂದು ಕೇಳಿ.