ಕೂಲಿಕಾರನ ಮಗಳೂ ಕಿರುತೂತಿನ ಶಸ್ತ್ರಕ್ರಿಯೆಯೂ

ಸುಮಾರು 5,000 ಹೆರಿಗೆಗಳಲ್ಲಿ ಒಂದು ಕೂಸು ಮಲದ್ವಾರ ಸರಿಯಾಗಿ ರೂಪುಗೊಳ್ಳದೆ ಹುಟ್ಟುತ್ತದೆ. ಗಂಡು ಕೂಸಾದರೆ ಸಾಮಾನ್ಯವಾಗಿ ಹೊಟ್ಟೆ ಉಬ್ಬಿ, ಮನೆಯವರು ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಹೆಣ್ಣು ಕೂಸಿನ ಗತಿ ಬೇರೆ. ಅದರ ಕರುಳು ಬಹುಮಟ್ಟಿಗೆ ಯೋನಿಯ ಬಾಗಿಲಲ್ಲಿ, ಅಪರೂಪಕ್ಕೆ ಯೋನಿಯೊಳಗೇ, ಸಣ್ಣ ತೂತಾಗಿ ತೆರೆದಿರುತ್ತದೆ. ಮಲ ಹೇಗೋ ಹೊರಬೀಳುವುದರಿಂದ ಎಲ್ಲವೂ ಸರಿಯಿದೆಯೆಂದು ತಿಳಿದು ಕೂಸನ್ನು ಮನೆಗೆ ಕಳಿಸುವುದುಂಟು. ತಿಳಿದ ಮೇಲೂ ತಾಯಿ ಬಾಯಿಬಿಡಳು. ನಾಳೆ ಮದುವೆಯಾಗಬೇಕಾದ ಹೆಣ್ಣಲ್ಲವೇ! ಇಂಥ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದು ಸಭ್ಯತೆಯೇ ಎಂದು ಕೇಳುವವರು ಕೇಳಲಿ, ನಾವು ಬರೆಯುತ್ತೇವೆ.

ದೊಡ್ಡ ಗಾಯವಿಲ್ಲದ ಶಸ್ತ್ರಕ್ರಿಯೆಯೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. 1982ರಲ್ಲಿ ಪೆನ್ಯಾ ಮತ್ತು ಡಿ ವ್ರೀಸ್ ಎಂಬ ವೈದ್ಯರು ಪ್ರಕಟಿಸಿದ ಕ್ರಮದಲ್ಲಿ, ಹಿಂಭಾಗದ ನಡುಗೆರೆಯಲ್ಲಿ ಸ್ನಾಯುಗಳನ್ನು ಬಿಡಿಸಿ ಕರುಳನ್ನು ಅದರ ಸ್ಥಾನಕ್ಕೆ ತರುತ್ತಾರೆ. 2000ದಲ್ಲಿ ಅಮೆರಿಕದ ಜಾರ್ಜ್‌ಸನ್ ಮತ್ತು ಸಂಗಡಿಗರು, ಹೊಟ್ಟೆಯ ಮೇಲಿನ ಕಿರುತೂತುಗಳಿಂದ ಕ್ಯಾಮೆರಾ ಇಳಿಸಿ, ಸ್ನಾಯುಗಳ ನಡುವಿನಿಂದಲೇ ಕರುಳನ್ನು ಕೆಳಗೆಳೆಯುವ ದಾರಿ ತೋರಿಸಿದರು. ಕರುಳು ಮೇಲೆಯೇ ನಿಂತುಹೋದ ಕೂಸಿಗೆ ಇದರಿಂದ ಉಪಕಾರವುಂಟು. ಆದರೆ ಹೆಚ್ಚಿನ ಹೆಣ್ಣು ಕೂಸುಗಳಲ್ಲಿ ಕರುಳು ಕೆಳಗಿನವರೆಗೂ ಬಂದಿರುತ್ತದೆ. ಕೆಳಗಿನಿಂದಲೇ ಸರಿಪಡಿಸಬಹುದು, ಹೊಟ್ಟೆಗೆ ಕೈಹಚ್ಚಬೇಕಾಗಿಲ್ಲ. ಕ್ಯಾಮೆರಾದ ಆಸೆಗೆ ಮನೆ ಒತ್ತೆಯಿಡುವ ಮೊದಲು ಬಂಧುಗಳು ಇದನ್ನು ತಿಳಿದಿರಲಿ. ಬೇಕಾದುದು ಮಕ್ಕಳ ಶಸ್ತ್ರಕ್ರಿಯೆಯಲ್ಲಿ ಪಳಗಿದ ಕೈ, ಅದೂ ಮೊದಲ ಸಲಕ್ಕೇ. ಕೆಟ್ಟದ್ದನ್ನು ಮತ್ತೆ ಬಿಚ್ಚಿ ಸರಿಮಾಡುವುದು ಬಹಳ ಕಷ್ಟ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರಕಾರದ್ದೇ.

ಸರಕಾರವನ್ನು ನಾವು ಕೇಳುವುದು ಬೇರೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದಾಗ ಹುಟ್ಟಿನ ದೋಷಗಳೆಂದು ಒಂಬತ್ತನ್ನು ಹೆಸರಿಸಿದರು; ಸೀಳುತುಟಿ ಅದರಲ್ಲಿತ್ತು, ಇದು ಇರಲಿಲ್ಲ. ಕೂಸಿನ ಕಾಲು ಅಗಲಿಸಿ ದ್ವಾರ ಎಲ್ಲಿದೆಯೆಂದು ನೋಡಲು ಯಾವ ಯಂತ್ರ ಬೇಕು? ಒಂದು ನಿಮಿಷ, ಒಂದು ದೀಪ. ಪ್ರತಿ ಹೆರಿಗೆ ಕೋಣೆಯಲ್ಲೂ ಇದನ್ನು ನೋಡಿ ಬರೆದಿಡುವುದು ಕಡ್ಡಾಯವಾಗಬೇಕು.

ಇನ್ನು ಖರ್ಚು. ಅನೇಕ ಕೂಸುಗಳಿಗೆ ಮೊದಲು ಹೊಟ್ಟೆಯ ಮೇಲೆ ಮಲದ ದಾರಿ, ಆಮೇಲೆ ಮುಖ್ಯ ಶಸ್ತ್ರಕ್ರಿಯೆ, ಕೊನೆಗೆ ಆ ದಾರಿ ಮುಚ್ಚುವುದು, ಹೀಗೆ ಮೂರು ಸಲ ಆಸ್ಪತ್ರೆ. ನಡುವೆ ಚೀಲ ಕೊಳ್ಳಬೇಕು. ಹೊಸ ದ್ವಾರ ಕುಗ್ಗದಂತೆ ತಾಯಿ ತಿಂಗಳುಗಟ್ಟಲೆ ದಿನವೂ ಸಲಾಕೆಯಿಂದ ಹಿಗ್ಗಿಸಬೇಕು. ಇಎಸ್‌ಐನಲ್ಲಿ ಗಿರಣಿ ಕಾರ್ಮಿಕನ ಮಗುವಿಗೆ ಚಿಕಿತ್ಸೆಯ ಹಕ್ಕುಂಟು, ಆದರೆ ಕಾಯಿಲೆಯ ಭತ್ಯ ಅವನ ಸ್ವಂತ ಕಾಯಿಲೆಗೆ ಮಾತ್ರ. ಮಗಳ ಹಾಸಿಗೆಯ ಬಳಿ ಕುಳಿತ ದಿನದ ಕೂಲಿ ಹೋದಂತೆಯೇ. ಅಂಗಡಿಯ ಬಾಗಿಲು ಹಾಕಿ ಬಂದ ಸಣ್ಣ ವ್ಯಾಪಾರಿಗೆ ಅಷ್ಟೂ ಇಲ್ಲ. ಆ ದಿನಗಳ ಕೂಲಿಯನ್ನೂ ಚೀಲದ ಖರ್ಚನ್ನೂ ಸರಕಾರ ಕೊಡಬೇಕೆಂಬುದು ನಮ್ಮ ಬೇಡಿಕೆ.